ದೊಡ್ಡ ಮಗನ ಪಾಲು: ಲೂಕ 15ನ್ನು ಇನ್ನೊಮ್ಮೆ ಓದುತ್ತಾ

(ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದಲ್ಲಿ ಉಡುಪಿಯ ಒಂದು ಸಂಜೆ ಕೂಟದಲ್ಲಿ ಆಡಿದ ಮಾತುಗಳಿವು. ಹೊತ್ತು ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಓದಿದ್ದು ಲೂಕನ ಸುವಾರ್ತೆ 15ನೇ ಅಧ್ಯಾಯ, 11ರಿಂದ 32ರವರೆಗೆ. ಬರೇ 22 ವಚನ. ಇಬ್ಬರು ಗಂಡುಮಕ್ಕಳಿದ್ದ ಅಪ್ಪನ ಕಥೆ. ಇದನ್ನು ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಸಂಡೇ ಸ್ಕೂಲಿನಲ್ಲಿ ನಾಟಕ ಆಡಿದ್ದೀರಿ, ಬೈಬಲ್ ಕ್ವಿಜ್‌ನಲ್ಲಿ ಉತ್ತರ ಹೇಳಿದ್ದೀರಿ, ಮದುವೆಗೆ ಮೊದಲು ಒಂದು ಸಲ, ಮಕ್ಕಳಾದ ಮೇಲೆ ಹಲವು ಸಲ ಚರ್ಚಿನ ಪ್ರಸಂಗದಲ್ಲಿ ಕೇಳಿದ್ದೀರಿ. ಹಾಗಾಗಿ ಮೊದಲ ಸಾಲು ಶುರುವಾದ ಕೂಡಲೇ ನಮಗೆ ಕೊನೆ ಗೊತ್ತು ಅನಿಸುತ್ತದೆ. ಮಗ ಹೋದ, ಹಾಳಾದ, ಬಂದ, ಅಪ್ಪ ತಬ್ಬಿಕೊಂಡ, ಊಟ. ಮುಗೀತು ಅಲ್ವಾ?

ಮುಗಿಯುವುದಿಲ್ಲ. ತಬ್ಬಿಕೊಳ್ಳುವುದು 20ನೇ ವಚನದಲ್ಲಿ. 24ಕ್ಕೆ ಊಟ ಶುರು. ಅಲ್ಲಿಂದ ಮುಂದೆ ಇನ್ನೂ 8 ವಚನ ಉಂಟು. ನಾವು ಹೆಚ್ಚಾಗಿ ಅದನ್ನು ಬೇಗ ಬೇಗ ಓದಿ ದಾಟಿಬಿಡುತ್ತೇವೆ. ನಾನು ಇವತ್ತು ಅಲ್ಲಿಯೇ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಾನು ದೇವಶಾಸ್ತ್ರ ಓದಿದವನಲ್ಲ. ದಸ್ತಾವೇಜು ಬರೆಯುವುದು ನನ್ನ ಕೆಲಸ. ವಿಭಾಗಪತ್ರ, ದಾನಪತ್ರ, ವೀಲು, ಹಕ್ಕು ಬಿಟ್ಟುಕೊಡುವ ಪತ್ರ, ಇವೇ ನನ್ನ ದಿನದ ಅನ್ನ. ಒಂದೇ ಮನೆಯ ಅಣ್ಣತಮ್ಮಂದಿರು ಬೆಂಚಿನ ಎರಡು ತುದಿಯಲ್ಲಿ ಕೂತು, ನಡುವೆ ಅಪ್ಪನನ್ನು ಕೂರಿಸಿಕೊಂಡು, ಯಾರೂ ಯಾರ ಮುಖವನ್ನೂ ನೋಡದೆ ಸಹಿಗೆ ಕಾಯುವುದನ್ನು ನೋಡಿ ನೋಡಿ ನನಗೆ ಅಭ್ಯಾಸ. ಆದ್ದರಿಂದ ಈ ಕಥೆಯನ್ನು ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಆಸ್ತಿಯ ಕಡೆಗೆ. ಸಣ್ಣ ಬುದ್ಧಿ ಅಂತ ಅಂದುಕೊಳ್ಳಬೇಡಿ, ಯೇಸುಸ್ವಾಮಿಯೇ ಕಥೆಯನ್ನು ಶುರು ಮಾಡಿದ್ದು ಅಲ್ಲಿಂದ. "ಅಪ್ಪಾ, ಆಸ್ತಿಯಲ್ಲಿ ನನಗೆ ಬರುವ ಪಾಲು ಕೊಡು." ಇದು ಈ ಕಥೆಯಲ್ಲಿ ಬರುವ ಮೊದಲ ಮಾತು.

ಆ ಮೇಲೆ ಅಪ್ಪ ಏನು ಮಾಡಿದ? 12ನೇ ವಚನ ನೋಡಿ. ಅವರಿಗೆ ಹಂಚಿಕೊಟ್ಟ. ಅವನಿಗೆ ಅಂತ ಇಲ್ಲ, ಅವರಿಗೆ. ಅಂದರೆ ಪಾಲು ಕೇಳಿದ್ದು ಚಿಕ್ಕವನು, ಪಾಲು ಸಿಕ್ಕಿದ್ದು ಇಬ್ಬರಿಗೂ. ಧರ್ಮೋಪದೇಶಕಾಂಡ 21:17ರ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಾದರೆ ಆಸ್ತಿಯನ್ನು 3 ಭಾಗ ಮಾಡಬೇಕು, ದೊಡ್ಡವನಿಗೆ 2, ಚಿಕ್ಕವನಿಗೆ 1. ದೊಡ್ಡವನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಬೇಡ ಅಂತಲೂ ಹೇಳಲಿಲ್ಲ. ಅಪ್ಪನ ಮುಂದೆ ತಮ್ಮ ನಿಂತು ಹಾಗೆ ಕೇಳುವಾಗ ಅಣ್ಣ ಎಲ್ಲಿದ್ದ? "ಏನೋ ಇದು, ಅಪ್ಪ ಬದುಕಿರುವಾಗಲೇ ಹೀಗೆ ಕೇಳುತ್ತೀಯಾ" ಅಂತ ಒಂದು ಮಾತು ಹೇಳಿದನಾ? ಕಥೆಯಲ್ಲಿ ಅವನ ಸದ್ದೇ ಇಲ್ಲ. ನನ್ನ ಮೇಜಿನ ಮುಂದೆ ಇಂಥ ಮೌನವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜಗಳ ಮಾಡುವ ಮಗನಿಗೆ ಕೆಟ್ಟ ಹೆಸರು ಬರುತ್ತದೆ, ಸುಮ್ನೆ ಕೂತವನಿಗೆ ಅರ್ಧಕ್ಕಿಂತ ಹೆಚ್ಚು ಜಾಗ ಸಿಗುತ್ತದೆ.

ಬದುಕಿರುವಾಗಲೇ ಆಸ್ತಿ ಬರೆದುಕೊಡುವುದು ಅವತ್ತಿಗೂ ಅಪಾಯದ ಕೆಲಸವೇ. ಕಥೋಲಿಕ ಬೈಬಲಿನಲ್ಲಿ ಸಿರಾಖ ಅಂತ ಒಂದು ಪುಸ್ತಕ ಉಂಟು, ಪ್ರೊಟೆಸ್ಟೆಂಟ್ ಬೈಬಲಿನಲ್ಲಿ ಅದಿಲ್ಲ. ಯೇಸುವಿಗಿಂತ ಸುಮಾರು 200 ವರ್ಷ ಹಿಂದಿನದು. ಅದರ 33ನೇ ಅಧ್ಯಾಯದಲ್ಲಿ ಒಬ್ಬ ಹಿರಿಯ ಬುದ್ಧಿ ಹೇಳುತ್ತಾನೆ: ಉಸಿರು ಇರುವಷ್ಟು ದಿನ ನಿನ್ನ ಆಸ್ತಿಯನ್ನು ಯಾರ ಕೈಗೂ ಕೊಡಬೇಡ, ನೀನು ಮಕ್ಕಳ ಕೈ ನೋಡುವುದಕ್ಕಿಂತ ಮಕ್ಕಳು ನಿನ್ನ ಹತ್ತಿರ ಕೇಳುವುದು ಒಳ್ಳೆಯದು, ಹಂಚುವುದಾದರೆ ಸಾಯುವ ಹೊತ್ತಿಗೆ ಹಂಚು. ನಮ್ಮಲ್ಲಿ 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತಲ್ಲ, ಅದರ 23ನೇ ಕಲಮು ಇದೇ ಭಯಕ್ಕೆ ಹುಟ್ಟಿದ್ದು. ನೋಡಿಕೊಳ್ಳುತ್ತೇನೆ ಅಂತ ಷರತ್ತು ಒಪ್ಪಿ ಆಸ್ತಿ ಬರೆಸಿಕೊಂಡ ಮಗ ಆಮೇಲೆ ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಹಾಕಿಕೊಂಡು ಕೂತಿರುವ ಅಪ್ಪ ಅಮ್ಮಂದಿರನ್ನು ನೋಡಿದವರಿಗೆ ಸಿರಾಖನ ಮಾತು ಹಳೆಯದು ಅನಿಸುವುದಿಲ್ಲ.

ಈ ಕಥೆಯ ಅಪ್ಪ ಆ ಬುದ್ಧಿಮಾತಿಗೆ ಪೂರ್ತಿ ಉಲ್ಟಾ ನಡೆದ. ಕೇಳಿದ ಕೂಡಲೇ ಕೊಟ್ಟ. ಷರತ್ತೂ ಹಾಕಲಿಲ್ಲ. ದೇವರ ಬಗ್ಗೆ ನಾವು ಹೇಳುವ ದೊಡ್ಡ ದೊಡ್ಡ ಮಾತುಗಳಿಗಿಂತ ನನಗೆ ಈ ಒಂದು ಸಂಗತಿ ಹೆಚ್ಚು ನಡುಕ ಹುಟ್ಟಿಸುತ್ತದೆ.

ಯೆಹೂದ್ಯರ ಕಾನೂನಿನ ಮಾತುಗಳನ್ನು ಸುಮಾರು 200ನೇ ಇಸವಿಯ ಹೊತ್ತಿಗೆ ಮಿಷ್ನಾ ಅಂತ ಒಟ್ಟುಗೂಡಿಸಿದರು. ಯೇಸುವಿನ ಕಾಲದ ನಂತರದ್ದು, ಆದರೆ ಅದರಲ್ಲಿರುವ ಎಷ್ಟೋ ಪದ್ಧತಿ ಹಳೆಯದು. ಅಪ್ಪ ಬದುಕಿರುವಾಗಲೇ ಮಗನಿಗೆ ಆಸ್ತಿ ಬರೆದುಕೊಟ್ಟರೆ ಏನಾಗುತ್ತದೆ ಅಂತ ಅಲ್ಲಿ ಚರ್ಚೆ ಉಂಟು. ಅಪ್ಪ ಮಾರುವ ಹಾಗಿಲ್ಲ, ಯಾಕೆಂದರೆ ಅದು ಮಗನ ಹೆಸರಿಗೆ ಹೋಗಿದೆ. ಮಗನೂ ಅದನ್ನು ಕೈಗೆ ತೆಗೆದುಕೊಳ್ಳುವ ಹಾಗಿಲ್ಲ, ಯಾಕೆಂದರೆ ಅಪ್ಪ ಇರುವವರೆಗೆ ಅನುಭೋಗ ಅಪ್ಪನದ್ದು. ಆಮೇಲೆ ಒಂದು ಮಾತು ಬರುತ್ತದೆ, ನಾನು ಮೊದಲ ಸಲ ಓದಿದಾಗ ಪುಸ್ತಕ ಕೆಳಗಿಟ್ಟು ಲೂಕನ ಸುವಾರ್ತೆ ತೆಗೆದೆ. ಅಪ್ಪ ಆ ಹೊಲದ ಬೆಳೆಯನ್ನು ಕಿತ್ತು ತನಗೆ ಬೇಕಾದವರಿಗೆ ಉಣ್ಣಿಸಬಹುದು.

ತನಗೆ ಬೇಕಾದವರಿಗೆ ಉಣ್ಣಿಸಬಹುದು! ಈಗ, ಚಿಕ್ಕ ಮಗ ವಾಪಸು ಬಂದ ಖುಷಿಗೆ ಅಪ್ಪ ಕೊಯ್ಯಿಸಿದ ಆ ಕೊಬ್ಬಿದ ಕರುವಿನ ಹತ್ತಿರ ಬನ್ನಿ.

ಚಿಕ್ಕವನು ತನ್ನ ಪಾಲನ್ನೆಲ್ಲ ಒಟ್ಟುಮಾಡಿಕೊಂಡು ಹೋದ, ದೂರದೇಶದಲ್ಲಿ ಮುಗಿಸಿದ. ಇನ್ನು ಮನೆಯಲ್ಲಿ ಉಳಿದದ್ದು ಯಾರದ್ದು? ಕಾಗದದ ಲೆಕ್ಕದಲ್ಲಿ ಎಲ್ಲವೂ ದೊಡ್ಡವನದ್ದು. ಹಟ್ಟಿಯ ಕರು ಅವನದ್ದು. ಅಪ್ಪ ತರಿಸಿದ ಒಳ್ಳೆಯ ನಿಲುವಂಗಿ ಅವನ ಮನೆಯದ್ದು. ಕೂಲಿ ಆಳುಗಳು ಅವನ ಆಳುಗಳು. ಈ ಹಬ್ಬದ ಖರ್ಚೆಲ್ಲ ಬರುತ್ತಿರುವುದು ದೊಡ್ಡ ಮಗನ ಪಾಲಿನಿಂದ. ಅಪ್ಪನಿಗೆ ಉಣ್ಣಿಸುವ ಹಕ್ಕು ಉಂಟು, ಕಾನೂನಿನಲ್ಲಿ ಏನೂ ತಪ್ಪಿಲ್ಲ. ಆದರೆ ಬೆಲೆ ತೆರುವವನು ಗದ್ದೆಯಲ್ಲಿ ನಿಂತು ಬೆವರು ಸುರಿಸುತ್ತಿದ್ದಾನೆ.

ಅವನಿಗೆ ಊಟದ ಹೇಳಿಕೆಯೂ ಹೋಗಲಿಲ್ಲ. ಇದನ್ನು ಗಮನಿಸಿದ್ದೀರಾ? ಕರು ಕೊಯ್ದು, ಬೇಯಿಸಿ, ವಾದ್ಯದವರು ಬಂದು, ಕುಣಿತ ಶುರುವಾಗುವವರೆಗೆ ಎಷ್ಟು ಹೊತ್ತು ಬೇಕು! ಒಂದು ಕರುವನ್ನು ಒಂದು ಮನೆಯವರು ಉಂಡು ಮುಗಿಸಲಿಕ್ಕೆ ಆಗುವುದಿಲ್ಲ, ಇಟ್ಟರೆ ಕೆಡುತ್ತದೆ, ಅಂದರೆ ಊರಿಗೆ ಊರೇ ಬಂದಿದೆ. ಊರಿನವರಿಗೆಲ್ಲ ಗೊತ್ತು. ಗದ್ದೆಗೆ ಒಬ್ಬ ಹುಡುಗನನ್ನು ಓಡಿಸಿ "ಅಣ್ಣಾ, ತಮ್ಮ ಬಂದಿದ್ದಾನೆ" ಅಂತ ಹೇಳಿಸಲಿಕ್ಕೆ ಯಾರಿಗೂ ತೋಚಲಿಲ್ಲ. ಅವನು ಸಂಜೆ ಮನೆ ಹತ್ತಿರ ಬಂದು, ಸದ್ದು ಕೇಳಿ, ಆಳನ್ನು ಕರೆದು ಇದೇನು ಅಂತ ಕೇಳಿ ತಿಳಿದುಕೊಳ್ಳಬೇಕಾಯಿತು. ನಮ್ಮ ಊರಿನಲ್ಲಿ ಹತ್ತಿರದ ನೆಂಟರಿಗೆ ಹೇಳಿಕೆ ತಪ್ಪಿದರೆ ಆ ಮನೆಯ ಮೆಟ್ಟಿಲು ಹತ್ತದವರಿದ್ದಾರೆ. ಇಲ್ಲಿ ಮನೆಯ ಮಗನಿಗೇ ಹೇಳಿಕೆ ಇಲ್ಲ. ಅವನು ಸಿಟ್ಟಾಗಿ, ಒಳಗೆ ಹೋಗಲೊಲ್ಲದೆ ಹೊರಗೇ ನಿಂತ.

ಹೀಗೆ ಓದಿದರೆ ಅವನ ಸಿಟ್ಟು ಸುಮ್ಮನೆ ಹೊಟ್ಟೆಕಿಚ್ಚು ಅನಿಸುವುದಿಲ್ಲ. ಪ್ರಸಂಗಗಳಲ್ಲಿ ಅವನನ್ನು ಫರಿಸಾಯ, ಅಂದರೆ ಧರ್ಮನಿಯಮವನ್ನು ಬಿಗಿಯಾಗಿ ಹಿಡಿಯುವ ಯೆಹೂದ್ಯ ಪಂಗಡದವನು, ಅಂತ ಒಂದೇ ಏಟಿಗೆ ಮುಗಿಸಿಬಿಡುತ್ತಾರೆ. ಅದಕ್ಕೆ ಆಧಾರ ಇಲ್ಲ ಅಂತಲ್ಲ. ಅಧ್ಯಾಯದ ಮೊದಲ ಎರಡು ವಚನದಲ್ಲೇ ಉಂಟು: ಸುಂಕದವರು, ಪಾಪಿಗಳು ಯೇಸುವಿನ ಹತ್ತಿರ ಬರುತ್ತಿದ್ದರು, ಇವನು ಅಂಥವರ ಜೊತೆ ಊಟ ಮಾಡುತ್ತಾನಲ್ಲ ಅಂತ ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಿದ್ದರು. ಕಥೆ ಹೇಳಿದ್ದು ಅವರಿಗೆ. ಆದರೆ ಯೇಸು ಅವರನ್ನು ಬೈಯಲಿಕ್ಕೆ ಮಾತ್ರ ಹೇಳುವುದಿದ್ದರೆ ದೊಡ್ಡ ಮಗನಿಗೆ ಇಷ್ಟು ನ್ಯಾಯವಾದ ದೂರು ಕೊಡುತ್ತಿರಲಿಲ್ಲ. ಇಷ್ಟು ವರ್ಷ ದುಡಿದೆ, ನಿನ್ನ ಮಾತು ಮೀರಲಿಲ್ಲ, ಗೆಳೆಯರ ಜೊತೆ ಉಣ್ಣಲಿಕ್ಕೆ ಒಂದು ಆಡುಮರಿಯನ್ನೂ ಕೊಡಲಿಲ್ಲ. ಅಪ್ಪ ಇದರಲ್ಲಿ ಒಂದನ್ನೂ ಸುಳ್ಳು ಅನ್ನಲಿಲ್ಲ ನೋಡಿ.

ಒಂದು ಕಡೆ ಮಾತ್ರ ಅವನು ಕಥೆಯಲ್ಲಿ ಇಲ್ಲದ್ದನ್ನು ಸೇರಿಸಿದ. ತಮ್ಮ ಸೂಳೆಯರ ಜೊತೆ ಆಸ್ತಿ ನುಂಗಿದ ಅಂದ. ಹಿಂದೆ ಓದಿ, ದುಂದುವೆಚ್ಚ ಮಾಡಿದ ಅಂತ ಮಾತ್ರ ಉಂಟು. ಆಮೇಲೆ ಬರಗಾಲ ಬಂತು ಅಂತಲೂ ಉಂಟು, ಅಂದರೆ ಪೂರ್ತಿ ಅವನ ತಪ್ಪೇ ಅಲ್ಲ. ಅಣ್ಣನಿಗೆ ಈ ಸುದ್ದಿ ಯಾರು ಹೇಳಿದರು? ಯಾರೂ ಹೇಳಿರಲಿಕ್ಕಿಲ್ಲ. ಊರಿನಲ್ಲೇ ಉಳಿದವನು ರಾತ್ರಿ ಮಲಗಿ, ಹೋದವನ ಬದುಕು ಹೇಗಿರಬಹುದು ಅಂತ ನೆನೆಸಿ ನೆನೆಸಿ ಕಟ್ಟಿಕೊಂಡ ಚಿತ್ರ ಅದು ಅಂತ ನನಗೆ ಅನಿಸುತ್ತದೆ.

ಈ ಜಿಲ್ಲೆಯಲ್ಲಿ ಕೂತು ಇದನ್ನು ಓದುವಾಗ ಕಥೆ ಇನ್ನೂ ಹತ್ತಿರ ಬರುತ್ತದೆ. ನಮ್ಮಲ್ಲಿ ಯಾವ ಮನೆಯಿಂದ ಯಾರೂ ದೂರದೇಶಕ್ಕೆ ಹೋಗಿಲ್ಲ ಹೇಳಿ. ಮೊದಲು ಬೊಂಬಾಯಿ, ಆಮೇಲೆ ಗಲ್ಫ್, ಈಗ ಕೆನಡಾದವರೆಗೆ. ಯೇಸುಸ್ವಾಮಿ ನಡೆದಾಡಿದ ಆ ದೇಶಕ್ಕೇ, ಇಸ್ರೇಲಿಗೆ, ನಮ್ಮ ಮಂಗಳೂರು ಉಡುಪಿ ಕಡೆಯವರು ಕೇರ್‌ಗಿವರ್ ಆಗಿ ಹೋಗಿದ್ದಾರೆ. ಅಲ್ಲಿ ಬೇರೆಯವರ ಅಪ್ಪ ಅಮ್ಮನನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಊಟ ಕೊಟ್ಟು, ಆ ದುಡ್ಡಿನಲ್ಲಿ ಇಲ್ಲಿ ಮನೆ ಕಟ್ಟಿಸುತ್ತಾರೆ. ಅವರು ದುಂದುಗಾರ ಮಕ್ಕಳಲ್ಲ, ಯಾರೂ ಹಾಗೆ ತಿಳಿಯಬಾರದು. ಆದರೆ ಪ್ರತಿ ಮನೆಯಲ್ಲೂ ಹೋದವರೊಬ್ಬರು ಇದ್ದಾರೆ ಅಂದರೆ ಉಳಿದವರೂ ಒಬ್ಬರು ಇದ್ದೇ ಇದ್ದಾರೆ. ರಜೆಯಲ್ಲಿ ಬಂದವರಿಗೆ ಕೋಳಿ ಕೊಯ್ಯುತ್ತಾರೆ, ಬಂಗುಡೆ ತರುತ್ತಾರೆ, ನೆಂಟರು ಬಂದು ಮಾತಾಡಿಸುತ್ತಾರೆ. ವರ್ಷ ಪೂರ್ತಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೆ ಯಾರೂ ಹೇಗಿದ್ದೀರಿ ಅಂತ ಕೇಳುವುದಿಲ್ಲ.

ಹಾಗೆ ಉಳಿದವರಲ್ಲಿ ಎಷ್ಟೋ ಸಲ ಇರುವುದು ಮಗಳು. ಈ ಕಥೆಯಲ್ಲಿ ಮಗಳಿಲ್ಲ, ಅಮ್ಮನೂ ಇಲ್ಲ. ಯಾಕೆ ಅಂತ ನಾನು ಹೇಳಲಾರೆ. ಆದರೆ ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ವೀಲು ಇಲ್ಲದಿದ್ದರೆ, ಮಗ ಮಗಳು ಇಬ್ಬರಿಗೂ ಸಮಪಾಲು. ಹಾಗಿದ್ದೂ "ತವರಿನ ಬಾಗಿಲು ಮುಚ್ಚಬಾರದಲ್ಲ" ಅಂತ ಹೇಳಿ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಹೆಣ್ಣುಮಕ್ಕಳು ಬರುತ್ತಾರೆ. ಅವರು 29ನೇ ವಚನವನ್ನು ಗಟ್ಟಿಯಾಗಿ ಓದಬೇಕು ಅಂತ ನನ್ನ ಆಸೆ. ಅಪ್ಪನ ಮುಂದೆ ನಿಂತು ಹಾಗೆ ದೂರು ಹೇಳುವುದಕ್ಕೆ ಸುವಾರ್ತೆಯಲ್ಲಿ ಜಾಗ ಉಂಟು.

ಇದೇ ಕಥೆ ನಮ್ಮ ಹಿರಿಯರ ಕಿವಿಗೆ ಬೇರೆಯೇ ಥರ ಬಿದ್ದಿರಬೇಕು. ಕ್ರೈಸ್ತಧರ್ಮ ಸಾರುವ ಸ್ವಿಟ್ಜರ್ಲೆಂಡಿನ ಸಂಸ್ಥೆ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅಚ್ಚುಕೂಟ, 1847ರಲ್ಲಿ ತುಳು ಭಾಷೆಯಲ್ಲಿ ಹೊಸ ಒಡಂಬಡಿಕೆ. ಆಗ ತುಳುನಾಡಿನ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಅಳಿಯಸಂತಾನ ಕಟ್ಟು. ಆಸ್ತಿ ತಾಯಿಯ ಕಡೆಯದ್ದು, ನಡೆಸುವವನು ಸೋದರಮಾವ, ಅವನಿಂದ ಸೋದರಳಿಯನಿಗೆ. ಮಗ ಅಪ್ಪನ ಹತ್ತಿರ ಹೋಗಿ "ನನ್ನ ಪಾಲು ಕೊಡು" ಅಂದರೆ ಆ ಅಪ್ಪನ ಹತ್ತಿರ ಕೊಡಲಿಕ್ಕೆ ಕುಟುಂಬದ ಆಸ್ತಿಯೇ ಇಲ್ಲ! ಎಲ್ಲರೂ ಒಪ್ಪದೆ ಪಾಲು ಕೇಳುವ ಹಕ್ಕೂ ಇರಲಿಲ್ಲ, ಕುಟುಂಬದ ಕವಲುಗಳಿಗೆ ಅದು ಬಂದದ್ದು 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ. ಹಾಗಾಗಿ ಕಥೆಯ ಮೊದಲ ಸಾಲೇ ಅವರಿಗೆ ಬೇರೆ ಲೋಕದ್ದು. ಆದರೆ ಹೊರಗೆ ನಿಲ್ಲುವುದು ಅಂದರೆ ಏನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕ್ರೈಸ್ತರಾದವರನ್ನು ಕುಟುಂಬದವರು ಹೊರಗಿಟ್ಟರು. ಶೇಂದಿ ಇಳಿಸುತ್ತಿದ್ದವರಿಗೆ ಆ ಕಸುಬೂ ಹೋಯಿತು. ಧರ್ಮ ಬಿಟ್ಟದ್ದಕ್ಕೆ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಾನೂನು ಬಂತು ನಿಜ, ಆದರೆ ಕಾನೂನಿನಲ್ಲಿ ಹಕ್ಕು ಇರುವುದು ಬೇರೆ, ಮನೆಯವರು ಒಳಗೆ ಕರೆಯುವುದು ಬೇರೆ. ಅಂಥವರ ಹೊಟ್ಟೆಪಾಡಿಗಾಗಿಯೇ ಮಿಷನಿನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಪಾಲನ್ನು ಪೋಲು ಮಾಡಿದ ಮಗನ ಕಥೆಯನ್ನು, ಏನೂ ಪೋಲು ಮಾಡದೆ ಪಾಲು ಕಳೆದುಕೊಂಡವರು ಕೂತು ಕೇಳಿದರು. ಅವರಿಗೆ ಓಡಿ ಬರುವ ಅಪ್ಪ ಎಷ್ಟು ದೊಡ್ಡವನಾಗಿ ಕಂಡಿರಬೇಕು ಯೋಚಿಸಿ.

ಒಂದೇ ಮನುಷ್ಯನ ಬದುಕಿನಲ್ಲೂ ಹೀಗೆ ಆಗುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ 30ರ ಆಸುಪಾಸಿನಲ್ಲಿ, 1635ರ ಸುಮಾರಿಗೆ, ಒಂದು ಚಿತ್ರ ಬರೆದ. ಹೆಂಡದಂಗಡಿಯಲ್ಲಿ ಗ್ಲಾಸು ಎತ್ತಿ ನಗುತ್ತಿರುವ ದುಂದುಗಾರ ಮಗ. ಆ ಮಗನ ಮುಖ ಅವನದ್ದೇ, ಜೊತೆಗಿರುವ ಹೆಣ್ಣು ಅವನ ಹೆಂಡತಿ ಸಾಸ್ಕಿಯಾ. ಆಮೇಲೆ 1642ರಲ್ಲಿ ಸಾಸ್ಕಿಯಾ ತೀರಿಕೊಂಡಳು. 1656ರಲ್ಲಿ ಸಾಲ ತೀರಿಸಲಾಗದೆ ದಿವಾಳಿಯಾದ. ಮನೆಯ ಒಂದೊಂದು ಸಾಮಾನನ್ನೂ ಪಟ್ಟಿ ಮಾಡಿ ಏಲಂ ಹಾಕಿದರು. 1668ರಲ್ಲಿ ಮಗ ಟೀಟಸ್ ಹೋದ, ಮರುವರ್ಷ ಅವನೂ ಹೋದ. ಆ ಕೊನೆಯ ವರ್ಷಗಳಲ್ಲಿ ಅವನು ಮತ್ತೆ ಇದೇ ಅಧ್ಯಾಯಕ್ಕೆ ಬಂದ. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿರುವ ಆ ದೊಡ್ಡ ಚಿತ್ರದಲ್ಲಿ ಮಗನ ಮುಖ ಸರಿಯಾಗಿ ಕಾಣುವುದೇ ಇಲ್ಲ. ಹರಿದ ಚಪ್ಪಲಿ, ಬೋಳು ತಲೆ, ಬೆನ್ನು. ಬೆಳಕೆಲ್ಲ ಮುದುಕ ಅಪ್ಪನ ಮುಖದ ಮೇಲೆ, ಮಗನ ಬೆನ್ನ ಮೇಲಿಟ್ಟ ಎರಡು ಕೈಗಳ ಮೇಲೆ. ಬಲಗಡೆ ಕೈಕಟ್ಟಿ ನಿಂತು ನೋಡುತ್ತಿರುವವನನ್ನು ಹೆಚ್ಚಿನವರು ದೊಡ್ಡ ಮಗ ಅನ್ನುತ್ತಾರೆ. ಸುವಾರ್ತೆಯ ಪ್ರಕಾರ ಆ ಹೊತ್ತಿನಲ್ಲಿ ದೊಡ್ಡ ಮಗ ಗದ್ದೆಯಲ್ಲಿದ್ದ, ಆದರೂ ಚಿತ್ರಕಾರ ಅವನನ್ನು ಬಿಡಲಿಲ್ಲ, ಕರೆತಂದು ಅಲ್ಲಿ ನಿಲ್ಲಿಸಿದ. ನನಗೆ ಅದು ಬಹಳ ಸರಿ ಅನಿಸುತ್ತದೆ. ಅವನಿಲ್ಲದೆ ಆ ಮನೆಯ ಚಿತ್ರ ಪೂರ್ತಿಯಾಗುವುದಿಲ್ಲ.

ಈಗ, ವಾಪಸು ಬಂದ ಚಿಕ್ಕ ಮಗನ ಬೆರಳಿಗೆ ಅಪ್ಪ ಹಾಕಿಸಿದ ಉಂಗುರದ ವಿಷಯ. ಇದನ್ನು ನಾನು ಕಸುಬಿನವನಾಗಿ ಹೇಳಲೇಬೇಕು. ಆಗಿನ ಕಾಲದಲ್ಲಿ ಮುದ್ರೆಯ ಉಂಗುರ ಅಂದರೆ ಸಹಿ. ಈಜಿಪ್ಟಿನ ಅರಸ ಫರೋಹನು ಯೋಸೇಫನಿಗೆ ಅಧಿಕಾರ ಕೊಟ್ಟಾಗ ಮೊದಲು ಮಾಡಿದ್ದು ತನ್ನ ಉಂಗುರ ತೆಗೆದು ಅವನ ಬೆರಳಿಗೆ ಹಾಕಿದ್ದು, ಆದಿಕಾಂಡ 41ರಲ್ಲಿ ಉಂಟು. ಇಲ್ಲಿ ಅಪ್ಪ ಕೊಟ್ಟ ಉಂಗುರಕ್ಕೂ ಅದೇ ತೂಕ ಇದ್ದರೆ ಅಣ್ಣನಿಗೆ ಎದೆ ಧಸಕ್ ಅನ್ನಬೇಕಾದದ್ದೇ. ಒಂದು ಸಲ ಪಾಲು ತೆಗೆದುಕೊಂಡು ಹೋದವನು ಇನ್ನೊಂದು ಸಲ ಕೇಳಲಿಕ್ಕೆ ಬಂದನಾ? ಇಂಥ ಪ್ರಶ್ನೆ ನನ್ನ ಹತ್ತಿರ ಬರುವವರ ಬಾಯಲ್ಲಿ ಬರುತ್ತದೆ, ಅವರು ಕೆಟ್ಟವರು ಅಂತಲ್ಲ, ಹೆದರಿದವರು.

ಅಪ್ಪ ಆ ಹೆದರಿಕೆಗೆ ನೇರವಾಗಿ ಉತ್ತರ ಕೊಟ್ಟ. "ಮಗನೇ, ನೀನು ಯಾವಾಗಲೂ ನನ್ನ ಜೊತೆ ಇದ್ದೀ, ನನ್ನದೆಲ್ಲಾ ನಿನ್ನದೇ." ಹಿಂದೆ ಬರೆದುಕೊಟ್ಟ ಪತ್ರ ಹಾಗೆಯೇ ಉಂಟು, ಅದರಲ್ಲಿ ಒಂದಕ್ಷರ ತಿದ್ದುವುದಿಲ್ಲ. ತಮ್ಮ ಒಳಗೆ ಬಂದದ್ದು ಮಗನಾಗಿ, ಪಾಲುದಾರನಾಗಿ ಅಲ್ಲ. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ. ನಾಳೆಯಿಂದ ತಮ್ಮನಿಗೆ ಅನ್ನ ಬರುವುದು ಎಲ್ಲಿಂದ? ಅಣ್ಣನ ಗದ್ದೆಯಿಂದ. ಅಪ್ಪ ಇರುವವರೆಗೆ ಅಪ್ಪ ಉಣ್ಣಿಸುತ್ತಾನೆ, ಅಪ್ಪ ಹೋದ ಮೇಲೆ ಅಣ್ಣ ಉಣ್ಣಿಸಬೇಕು. ಕ್ಷಮೆಯ ಮಾತು ಅಪ್ಪನದ್ದು, ಖರ್ಚು ಅಣ್ಣನದ್ದು. ಅದು ಅಪ್ಪನಿಗೂ ಗೊತ್ತು. ಅದಕ್ಕೇ ಅವನು ಯಜಮಾನನ ಹಾಗೆ "ಒಳಗೆ ಬಾ" ಅಂತ ಅಪ್ಪಣೆ ಮಾಡಲಿಲ್ಲ. ಇಷ್ಟು ವರ್ಷ ಒಂದು ಮಾತೂ ಮೀರದ ಮಗ, ಒಂದು ಅಪ್ಪಣೆ ಸಾಕಿತ್ತು, ಬರುತ್ತಿದ್ದ. ಅಪ್ಪ ಊಟ ಬಿಟ್ಟು, ನೆಂಟರನ್ನು ಬಿಟ್ಟು, ಹೊರಗೆ ಬಂದು ಬೇಡಿಕೊಂಡ. ಚಿಕ್ಕ ಮಗನಿಗಾಗಿ ಒಂದು ಸಲ ಮನೆಯಿಂದ ಹೊರಗೆ ಓಡಿದ್ದ, ದೊಡ್ಡ ಮಗನಿಗಾಗಿ ಇನ್ನೊಂದು ಸಲ ಹೊರಗೆ ಬಂದ. ಈ ಎರಡನೆಯ ಸಲ ಹೊರಗೆ ಬಂದದ್ದನ್ನು ನಾವು ಇನ್ನೂ ಸರಿಯಾಗಿ ಓದಿಯೇ ಇಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ.

ಆಮೇಲೆ ದೊಡ್ಡ ಮಗ ಒಳಗೆ ಹೋದನಾ? ಯೇಸು ಹೇಳಲಿಲ್ಲ. ಕಳೆದುಹೋದ ಕುರಿ ಸಿಕ್ಕಿತು, ಕಳೆದುಹೋದ ನಾಣ್ಯ ಸಿಕ್ಕಿತು, ಈ ಅಧ್ಯಾಯದ ಆ ಎರಡು ಕಥೆಗಳಿಗೆ ಕೊನೆ ಉಂಟು. ಇದಕ್ಕೆ ಇಲ್ಲ. ಗೊಣಗುತ್ತಿದ್ದವರು ಎದುರಿಗೇ ಕೂತಿದ್ದರಲ್ಲ, ಉತ್ತರ ಅವರು ಕೊಡಬೇಕಿತ್ತು. ಈಗ ನಾವು ಕೂತಿದ್ದೇವೆ. ಅಣ್ಣತಮ್ಮಂದಿರ ಕೇಸು ಕೋರ್ಟಿನಲ್ಲಿರುವಾಗ ಓದಿದರೆ ಒಂದು ಥರ, ಮಗ ವಿಮಾನ ಹತ್ತಿದ ವಾರ ಓದಿದರೆ ಇನ್ನೊಂದು ಥರ, ಅಪ್ಪನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಬಂದು ಓದಿದರೆ ಮತ್ತೊಂದು ಥರ.

ಮಾತು ಮುಗಿದ ಮೇಲೆ ಒಬ್ಬ ಅಕ್ಕ ಎದ್ದು ಕೇಳಿದರು: "ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮನನ್ನು ಮನೆಯಲ್ಲಿ ಇಟ್ಟುಕೊಂಡಿರಬಹುದಾ?" ನಾನು ಹೇಳಿದೆ, ಅಕ್ಕಾ, ಅದು ಅವನು ಆ ಸಂಜೆ ಒಳಗೆ ಹೋಗಿ ತಮ್ಮನ ಪಕ್ಕದಲ್ಲಿ ಕೂತು ಉಂಡನೋ ಇಲ್ಲವೋ ಅನ್ನುವುದರ ಮೇಲೆ ಉಂಟು. ಅವರು ಒಪ್ಪಲಿಲ್ಲ. "ಉಂಡವರೆಲ್ಲ ಆಮೇಲೆ ನೋಡಿಕೊಳ್ಳುತ್ತಾರಾ?" ಅಂದರು. ಅವರ ಪ್ರಶ್ನೆ ನನ್ನ ಉತ್ತರಕ್ಕಿಂತ ಒಳ್ಳೆಯದಿತ್ತು, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮುಂದಿನ ಕೂಟಕ್ಕೆ 16ನೇ ಅಧ್ಯಾಯದ ಮೊದಲ 13 ವಚನ ಓದಿಕೊಂಡು ಬನ್ನಿ. ಕೆಲಸ ಹೋಗುವ ಹೊತ್ತಿನಲ್ಲಿ ಮನೆವಾರ್ತೆಯವನೊಬ್ಬ ಸಾಲಗಾರರನ್ನು ಕರೆದು ಸಾಲಪತ್ರ ತಿದ್ದಿಸುತ್ತಾನೆ, 100 ಬುದ್ದಲಿ ಎಣ್ಣೆ ಇದ್ದಲ್ಲಿ 50 ಅಂತ ಬರೆಸುತ್ತಾನೆ. ಯಜಮಾನ ಅವನನ್ನು ಮೆಚ್ಚಿಕೊಳ್ಳುತ್ತಾನೆ ಬೇರೆ. ದಸ್ತಾವೇಜು ಬರೆಯುವವನಿಗೆ ಇದಕ್ಕಿಂತ ಕಷ್ಟದ ಪಾಠ ಬೈಬಲಿನಲ್ಲಿ ಇನ್ನೊಂದಿಲ್ಲ, ಅದನ್ನು ನಾನೊಬ್ಬನೇ ಹೇಳುವುದಿಲ್ಲ, ಎಲ್ಲರೂ ಕೂತು ಮಾತಾಡೋಣ.